ಊರು ಬಿಡದೇ ದೇಶ ಬದಲಾದವರು

ಇವತ್ತಿನ ಎಪಿಸೋಡ್ ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ಬಿ.ಕಾಂ ಓದಿದವನು, ಲೆಕ್ಕ ಇಲ್ಲದೆ ಮಾತು ಬರಲ್ಲ.

1940ರಲ್ಲಿ ಹುಮನಾಬಾದ್‌ನಲ್ಲಿ ಹುಟ್ಟಿದ ಒಬ್ಬ ಹುಡುಗ ಅಂತ ಇಟ್ಕೊಳ್ಳಿ. ಊರು ಬಿಟ್ಟಿಲ್ಲ, ಮನೆ ಬದಲಿಸಿಲ್ಲ. ಹುಟ್ಟಿದಾಗ ಅವನು ಹೈದರಾಬಾದ್ ನಿಜಾಮನ ಪ್ರಜೆ. 1947ರ ಆಗಸ್ಟ್ 15ಕ್ಕೆ ಪಕ್ಕದ ಸೊಲ್ಲಾಪುರದಲ್ಲಿ ತಿರಂಗಾ ಹಾರಿತು, ಅವನ ಊರಲ್ಲಿ ಇಲ್ಲ. ಎಂಟು ವರ್ಷದವನಿದ್ದಾಗ ಭಾರತದ ಸೈನ್ಯ ಬಂತು. ಹತ್ತಕ್ಕೆ ಕಾಲಿಡುವಾಗ ಸಂವಿಧಾನ ಬಂತು, ಅವನು ಭಾರತದ ಪೌರ ಆದ. ಹದಿನಾರಕ್ಕೆ ಮೈಸೂರು ರಾಜ್ಯದವನು ಆದ, ಮೈಸೂರು ಯಾವ ದಿಕ್ಕಿಗೆ ಅದ ಅಂತ ಗೊತ್ತಿಲ್ಲದೇನೇ. ನಮ್ಮ ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿ ಕಡೆ ಎಂಬತ್ತು ದಾಟಿದ ಯಾವ ಮುತ್ಯಾನನ್ನು ಕೇಳಿದರೂ ಇದೇ ಕಥೆ.

ಹಾಗಾದ್ರೆ ಒಬ್ಬ ಮನುಷ್ಯ ಯಾವ ದೇಶದವನು ಅನ್ನೋದನ್ನ ಯಾವುದು ನಿರ್ಧಾರ ಮಾಡ್ತದ? ಹುಟ್ಟಿದ ನೆಲನಾ, ಅಪ್ಪ ಅಮ್ಮನಾ, ಭಾಷೆನಾ, ಧರ್ಮನಾ, ಕಾಗದನಾ? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ಯುರೋಪಿನ ಪುಸ್ತಕ ಬೇಕಿಲ್ಲ. ನಮ್ಮ ಬೀದರ್ ಜಿಲ್ಲೆಯ ಬರೀ ಒಂಬತ್ತು ವರ್ಷ ಸಾಕು, 1947ರಿಂದ 1956.

ಮೊದಲು ಆ ಹಳೇ ರಾಜ್ಯ ಹೆಂಗಿತ್ತು ಅಂತ ನೋಡೋಣ. ಹೈದರಾಬಾದ್ ಸಣ್ಣ ಸಂಸ್ಥಾನ ಆಗಿರಲಿಲ್ಲ. 1941ರ ಜನಗಣತಿಯಲ್ಲಿ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಜನ. ಸ್ವಂತ ಅಂಚೆಚೀಟಿ, ಸ್ವಂತ ರೈಲು, ಗಡಿಯಲ್ಲಿ ಸುಂಕ ವಸೂಲಿ ಮಾಡೋ ಕರೋಡ್‌ಗಿರಿ ನಾಕಾ, 1918ರಿಂದ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ. ವರ್ಷದ ಲೆಕ್ಕ ಕೂಡ ಬೇರೆ, ಫಸಲಿ. ಮನೆಯಲ್ಲಿ ಹಳೇ ಹೊಲದ ಕಾಗದ ಇದ್ರೆ ತೆಗೆದು ನೋಡಿ, 1948ರ ಜಾಗದಲ್ಲಿ 1357 ಅಂತಲೋ 1358 ಅಂತಲೋ ಇರ್ತದ.

ನನಗೆ ಎಲ್ಲಕ್ಕಿಂತ ಇಷ್ಟದ ವಿಷಯ ದುಡ್ಡು. ನಿಜಾಮನ ರೂಪಾಯಿ ಬೇರೆ, ಬ್ರಿಟಿಷರ ರೂಪಾಯಿ ಬೇರೆ. ನಿಜಾಮನದ್ದಕ್ಕೆ 'ಹಾಲಿ', ಬ್ರಿಟಿಷರದ್ದಕ್ಕೆ 'ಕಲ್ದಾರ್' ಅಂತಿದ್ರು. ಹೆಚ್ಚು ಕಡಿಮೆ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್. ಸಂಸ್ಥಾನಗಳಲ್ಲಿ ನೋಟು ಅಚ್ಚು ಹಾಕೋ ಹಕ್ಕು ಇದ್ದಿದ್ದು ಹೈದರಾಬಾದಿಗೆ ಮಾತ್ರ. ಆ ದುಡ್ಡು ನೋಡ್ಕೊಳ್ಳೋಕೆ 1941ರಲ್ಲಿ ಒಂದು ಬ್ಯಾಂಕೇ ಹುಟ್ತು, ಹೈದರಾಬಾದ್ ಸ್ಟೇಟ್ ಬ್ಯಾಂಕ್. ಮುಂದೆ ಅದೇ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯ್ತು, ನಮ್ಮ ಕಡೆ ಎಲ್ಲರೂ ಎಸ್‌ಬಿಎಚ್ ಅಂತಿದ್ದ ಬ್ಯಾಂಕು. 2017ರ ಏಪ್ರಿಲ್ 1ಕ್ಕೆ ಎಸ್‌ಬಿಐನಲ್ಲಿ ವಿಲೀನ ಆಯ್ತು. ಅಂದ್ರೆ ನಿಜಾಮನ ದೇಶ ಹೋಗಿ 68 ವರ್ಷ ಆದ ಮೇಲೂ ಅದರ ಬ್ಯಾಂಕಿನ ಪಾಸ್‌ಬುಕ್ಕು ನಮ್ಮ ಅಪ್ಪಂದಿರ ಜೇಬಿನಲ್ಲಿತ್ತು!

ಇಷ್ಟೆಲ್ಲಾ ಇದ್ರೂ ಅದು ಪೂರ್ತಿ ದೇಶ ಅಲ್ಲ. ಮೇಲೆ ಬ್ರಿಟಿಷ್ ಚಕ್ರಾಧಿಪತ್ಯ. ಬ್ರಿಟಿಷ್ ಆಡಳಿತದ ಭಾರತದಲ್ಲಿ ಹುಟ್ಟಿದವನು 'ಬ್ರಿಟಿಷ್ ಪ್ರಜೆ', ಸಂಸ್ಥಾನದಲ್ಲಿ ಹುಟ್ಟಿದವನು ಬರೀ 'ಬ್ರಿಟಿಷ್ ರಕ್ಷಣೆಗೆ ಒಳಪಟ್ಟವನು'. ನಮ್ಮ ಕಲ್ಯಾಣದ್ದು ಇನ್ನೂ ಒಂದು ಪದರ ಜಾಸ್ತಿ. ಆಗ ಅದರ ಹೆಸರು ಕಲ್ಯಾಣಿ, ನಿಜಾಮನ ಕೆಳಗೆ ನವಾಬನ ಜಹಗೀರು. ರೈತನ ಮೇಲೆ ನವಾಬ, ನವಾಬನ ಮೇಲೆ ನಿಜಾಮ, ನಿಜಾಮನ ಮೇಲೆ ಲಂಡನ್ನಿನ ರಾಜ. 'ನೀನು ಯಾರ ಕಡೆಯವ' ಅಂತ ಕೇಳಿದ್ರೆ ಆ ರೈತ ಏನಂತ ಹೇಳಬೇಕು? ಬಹುಶಃ ಊರ ಹೆಸರು ಹೇಳಿ ಸುಮ್ಮನಾಗ್ತಿದ್ದ.

ಆದರೆ ಸರ್ಕಾರಿ ನೌಕರಿ ಅಂತ ಬಂದಾಗ ಊರ ಹೆಸರು ಸಾಲೋದಿಲ್ಲ. ಅಲ್ಲಿ 'ಮುಲ್ಕಿ' ಅನ್ನೋ ಪದ ಬರ್ತದ. ಮುಲ್ಕ್ ಅಂದ್ರೆ ದೇಶ, ಮುಲ್ಕಿ ಅಂದ್ರೆ ಈ ದೇಶದವ. (ಧಾರವಾಡ ಕಡೆಯ ಅಜ್ಜಂದಿರು ಹೇಳೋ ಮುಲ್ಕಿ ಪರೀಕ್ಷೆ ಬೇರೆ, ಅದು ಏಳನೇ ಇಯತ್ತೆಯದು.) ಉತ್ತರ ಭಾರತದಿಂದ ಬಂದ ಓದಿದ ಜನ ದೊಡ್ಡ ದೊಡ್ಡ ಹುದ್ದೆ ಹಿಡಿದಾಗ ಇಲ್ಲಿಯವರಿಗೆ ಸಿಟ್ಟು ಬಂತು. ಆ ಜಗಳ ದಶಕಗಟ್ಟಲೆ ನಡೀತು. 1919ರಲ್ಲಿ ನಿಜಾಮ ಫರ್ಮಾನು ಹೊರಡಿಸಿ ಮುಲ್ಕಿ ಯಾರು ಅಂತ ಬರೆಸಿದ. ಹುಟ್ಟಿನಿಂದ ಹೈದರಾಬಾದಿನ ಪ್ರಜೆ ಆಗಿರಬೇಕು. ಇಲ್ಲಾಂದ್ರೆ ಸತತ 15 ವರ್ಷ ಇಲ್ಲಿ ಇದ್ದು, ವಾಪಸ್ ಹೋಗೋ ವಿಚಾರ ಬಿಟ್ಟಿದ್ದೀನಿ ಅಂತ ಪ್ರಮಾಣ ಮಾಡಬೇಕು. ಮುಲ್ಕಿಯ ಹೆಂಡತಿಯೂ ಮುಲ್ಕಿ.

ಈ ಪಟ್ಟಿಯಲ್ಲಿ ಏನಿಲ್ಲ ಅನ್ನೋದನ್ನ ಗಮನಿಸಿ. ಧರ್ಮ ಇಲ್ಲ, ಮನೆಮಾತು ಇಲ್ಲ. ಹುಮನಾಬಾದಿನ ಕನ್ನಡದವನು, ಉದಗೀರಿನ ಮರಾಠಿಯವನು, ಜಹೀರಾಬಾದಿನ ತೆಲುಗಿನವನು ಎಲ್ಲರೂ ಮುಲ್ಕಿ. ಲಖನೌದಿಂದ ನಿನ್ನೆ ಬಂದ ಉರ್ದು ಪಂಡಿತ ಮುಲ್ಕಿ ಅಲ್ಲ, ಆಸ್ಥಾನದ ಭಾಷೆ ಅವನದೇ ಆಗಿದ್ರೂ. ಹಂಗಂತ ನಿಜಾಮನ ರಾಜ್ಯ ಸಮಾನತೆಯ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅಧಿಕಾರ ಯಾರ ಕೈಯಲ್ಲಿತ್ತು, ಕನ್ನಡ ಶಾಲೆ ಎಷ್ಟಿತ್ತು ಅಂತ ಕೇಳಿದ್ರೆ ಉತ್ತರ ಬೇರೆನೇ ಬರ್ತದ. ನಾನು ಹೇಳೋದು ಕಾಗದದ ಮೇಲಿನ ವ್ಯಾಖ್ಯೆ ಬಗ್ಗೆ ಮಾತ್ರ.

ಈಗ 1947. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಯಾವ ಕಡೆನೂ ಸೇರಲ್ಲ ಅಂದ. ನವೆಂಬರ್ 29ಕ್ಕೆ ಭಾರತದ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯ್ತು. ಜನರನ್ನು ಕೇಳಿದ್ರಾ? ಜುನಾಗಢದಲ್ಲಿ 1948ರ ಫೆಬ್ರವರಿಯಲ್ಲಿ ಜನಮತ ತಗೊಂಡ್ರು, ಪಾಕಿಸ್ತಾನದ ಪರ ಬಿದ್ದಿದ್ದು ಬರೀ 91 ಮತ. ಹೈದರಾಬಾದಿನಲ್ಲಿ ಅಂಥದ್ದು ಆಗಲೇ ಇಲ್ಲ. ಇಲ್ಲಿ ಉತ್ತರ ಕೊಟ್ಟಿದ್ದು ಬಂದೂಕು.

ಲಾತೂರಿನ ವಕೀಲ ಖಾಸಿಂ ರಜ್ವಿಯ ರಜಾಕಾರರು ಹಳ್ಳಿ ಹಳ್ಳಿಗೆ ನುಗ್ಗಿದರು. ಭಾರತ ಸೇರಬೇಕು ಅಂದವರು ಗಡಿ ದಾಟಿ ಸೊಲ್ಲಾಪುರ ಕಡೆ ಶಿಬಿರ ಹೂಡಿದ್ರು. 1948ರ ಮೇ ತಿಂಗಳಲ್ಲಿ ನಮ್ಮದೇ ತಾಲೂಕಿನ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ ಇಲ್ಲಿ ಮನೆಮನೆಗೂ ಗೊತ್ತು. ಸ್ಥಳೀಯರು ಸತ್ತವರ ಲೆಕ್ಕ ಇನ್ನೂರರ ಆಸುಪಾಸು ಹೇಳ್ತಾರೆ. ತಿರಂಗಾ ಹಾರಿಸಿದ್ದು, ಭಾರತದ ಹೆಸರು ಹೇಳಿದ್ದು, ಅದೇ ಅಪರಾಧ. ಕಾನೂನಿನ ಪ್ರಕಾರ ಅವರು ಅವತ್ತು ಭಾರತದ ಪೌರರಲ್ಲ, ಭಾರತದ ಪೌರತ್ವ ಅನ್ನೋ ಕಾನೂನೇ ಇನ್ನೂ ಬರೆದಿರಲಿಲ್ಲ. ಆದರೂ ಆ ದೇಶದ ಹೆಸರಿನಲ್ಲಿ ಜೀವ ಹೋಯ್ತು. ಮನಸ್ಸಿನ ದೇಶ ಕಾಗದಕ್ಕಿಂತ ಮುಂಚೆನೇ ಬಂದಿತ್ತು.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು. 16ಕ್ಕೆ ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹೈದರಾಬಾದಿನ ದೂರು ಕೇಳ್ತಾ ಕೂತಿತ್ತು, 17ಕ್ಕೆ ನಿಜಾಮ ಸೋತೆ ಅಂದ. ದೂರು ಕೇಳೋರು ಇನ್ನೂ ಕುರ್ಚಿಯಲ್ಲಿದ್ರು, ದೂರು ಕೊಟ್ಟ ದೇಶ ಇಲ್ಲ.

ಇಲ್ಲಿಂದ ಮುಂದಿನ ಭಾಗ ನಮ್ಮ ಕಡೆ ಜನ ದನಿ ತಗ್ಗಿಸಿ ಮಾತಾಡ್ತಾರೆ. ಆ ಐದು ದಿನ ಮತ್ತು ಅದರ ನಂತರದ ವಾರಗಳಲ್ಲಿ ಮುಸ್ಲಿಮರ ಮೇಲೆ ಸೇಡು ತೀರಿಸಿಕೊಂಡ್ರು. ರಜಾಕಾರರ ಮೇಲೆ ಮಾತ್ರ ಅಲ್ಲ, ರಜಾಕಾರರಿಗೂ ತಮಗೂ ಸಂಬಂಧ ಇಲ್ಲದ ಹೊಲಗೆಲಸದವರು, ಅಂಗಡಿಯವರ ಮೇಲೂ. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಅದೇ ವರ್ಷದ ಕೊನೆಗೆ ಊರೂರು ತಿರುಗಿ ವರದಿ ಬರೀತು. ಇಡೀ ರಾಜ್ಯದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಅಂತ ಅದರ ಅಂದಾಜು. ಅತಿ ಹೆಚ್ಚು ಸಾವು ಆಗಿದ್ದು ನಾಲ್ಕು ಜಿಲ್ಲೆಗಳಲ್ಲಿ: ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡ್ ಮತ್ತು ನಮ್ಮ ಬೀದರ್. ಆ ವರದಿ ದಶಕಗಟ್ಟಲೆ ಕಪಾಟಿನಲ್ಲೇ ಇತ್ತು. ಜನಸಾಮಾನ್ಯರು ಓದೋಕೆ ಸಿಕ್ಕಿದ್ದು 2013ರ ಹೊತ್ತಿಗೆ.

ಯೋಚನೆ ಮಾಡಿ, ಗೋರ್ಟಾದಲ್ಲಿ ಸತ್ತವರೂ ಮುಲ್ಕಿ, ಸೆಪ್ಟೆಂಬರಿನಲ್ಲಿ ಸತ್ತವರೂ ಮುಲ್ಕಿ. ಒಂದೇ ರಾಜ್ಯದ ಪ್ರಜೆಗಳು. ಕಾನೂನು ಕೇಳದೇ ಇದ್ದ ಪ್ರಶ್ನೆಯನ್ನ, 'ನಿನ್ನ ಧರ್ಮ ಯಾವುದು' ಅನ್ನೋದನ್ನ, ಬೀದಿ ಕೇಳ್ತು. ಮೊದಲು ಒಂದು ಗುಂಪು ಕೇಳ್ತು, ನಾಲ್ಕು ತಿಂಗಳಾದ ಮೇಲೆ ಇನ್ನೊಂದು ಗುಂಪು.

ಅದೇ ಸುಂದರಲಾಲ್ ವರದಿಯಲ್ಲಿ ಒಂದು ಮಾತು ಇದೆ, ನಾನು ಎರಡೆರಡು ಸಲ ಓದಿದೆ. ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರ ನಿಂತು ಕಾಪಾಡಿದ್ರಂತೆ, ತಮ್ಮ ಜೀವ ಕೊಟ್ಟು. ಅಲ್ಲಿ ದೇಶ, ಭಾಷೆ, ಧರ್ಮ ಯಾವುದೂ ಲೆಕ್ಕಕ್ಕೆ ಬರಲಿಲ್ಲ, ಮಗ್ಗ ಬಂತು. 'ನಮ್ಮವರು' ಅನ್ನೋದಕ್ಕೆ ಕೆಲಸವೂ ಒಂದು ಅಳತೆ ಆಗಬಹುದು ಅಂತ ಯಾವ ಪೌರತ್ವ ಕಾನೂನೂ ಬರೆದಿಲ್ಲ.

ಸರಿ, ಕಾನೂನಿಗೆ ಬರೋಣ. 1949ರ ನವೆಂಬರ್ ಕೊನೆಗೆ ನಿಜಾಮನೇ ಫರ್ಮಾನು ಹೊರಡಿಸಿ ಭಾರತದ ಸಂವಿಧಾನ ಒಪ್ಪಿದ. ಪೌರತ್ವದ ಕಲಮುಗಳು ಆ ತಿಂಗಳ 26ಕ್ಕೇ ಜಾರಿಗೆ ಬಂದವು, ಉಳಿದಿದ್ದು ಬಹುಪಾಲು ಜನವರಿ 26ಕ್ಕೆ. 5ನೇ ಕಲಮು ಏನು ಕೇಳ್ತದ? ಭಾರತದಲ್ಲಿ ಕಾಯಂ ನೆಲೆ ಇರಬೇಕು. ಅದರ ಜೊತೆ ಮೂರರಲ್ಲಿ ಒಂದು: ನೀನು ಈ ನೆಲದಲ್ಲಿ ಹುಟ್ಟಿರಬೇಕು, ಅಥವಾ ಅಪ್ಪ ಅಮ್ಮನಲ್ಲಿ ಒಬ್ಬರು ಹುಟ್ಟಿರಬೇಕು, ಅಥವಾ ಹಿಂದಿನ ಐದು ವರ್ಷ ಇಲ್ಲಿ ವಾಸ ಇರಬೇಕು. ಮತ್ತೆ ನೋಡಿ, ಹುಟ್ಟು, ಹೆತ್ತವರು, ವಾಸ. ನಿಜಾಮನ ಹದಿನೈದು ವರ್ಷ ಇಲ್ಲಿ ಐದಾಯ್ತು. ಧರ್ಮ, ಭಾಷೆ ಇಲ್ಲೂ ಇಲ್ಲ.

ಹುಟ್ಟಿನಿಂದ ಹಕ್ಕು ಬರ್ತದ ಅನ್ನೋ ಮಾತಿಗೂ ನಮ್ಮ ಊರಿಗೂ ಹಳೇ ನಂಟು ಅದ. ವಿಕ್ರಮಾದಿತ್ಯ ಆರನೆಯವನ ಕಾಲದಲ್ಲಿ, ಸುಮಾರು 900 ವರ್ಷದ ಹಿಂದೆ, ವಿಜ್ಞಾನೇಶ್ವರ 'ಮಿತಾಕ್ಷರ' ಬರೆದದ್ದು ಕಲ್ಯಾಣದಲ್ಲೇ. ಅಪ್ಪನ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿದ ಕ್ಷಣದಿಂದಲೇ ಪಾಲು ಅಂತ ಹೇಳಿದ ಗ್ರಂಥ ಅದು. ಅದೇ ರಾಜನ ಆಸ್ಥಾನಕವಿ ಬಿಲ್ಹಣ ಕಾಶ್ಮೀರದಿಂದ ಬಂದವನು. ಆಸ್ತಿಗೆ ಹುಟ್ಟು ಕೇಳಿದ ಊರು, ಕವಿಗೆ ಕೇಳಲಿಲ್ಲ.

ಕಲಮು ಸರಳ ಇತ್ತು, ಜಾರಿ ಸರಳ ಇರಲಿಲ್ಲ. ಹೈದರಾಬಾದಿನಲ್ಲಿ ನಿಜಾಮನ ಸೇವೆಗೆ ಬಂದ ಅರಬ್ಬರ, ಪಠಾಣರ ಕುಟುಂಬಗಳಿದ್ದವು. 1948ರ ನಂತರ ಅವರಲ್ಲಿ ಹಲವರನ್ನ ಹಿಡಿದು ಶಿಬಿರಗಳಲ್ಲಿ ಇಟ್ಟರು, 'ನಿಮ್ಮ ದೇಶಕ್ಕೆ' ಕಳಿಸಬೇಕು ಅಂತ. ಎಷ್ಟೋ ಜನ ಹುಟ್ಟಿದ್ದೇ ಹೈದರಾಬಾದಿನಲ್ಲಿ, ಆ ದೇಶ ನೋಡಿದವರೇ ಅಲ್ಲ. ಇತ್ತ ಖಾಸಿಂ ರಜ್ವಿ ಜೈಲಿನಿಂದ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಅವನ ಹೆಸರಿನಲ್ಲಿ ಬೈಸಿಕೊಂಡವರು ಇಲ್ಲೇ ಉಳಿದರು.

ಮತ್ತೆ ಜೇಬು? ಜನವರಿ 1950ಕ್ಕೆ ಎಲ್ಲರೂ ಭಾರತೀಯರಾದ್ರೂ ಹಾಲಿ ರೂಪಾಯಿ ಪೂರ್ತಿ ರದ್ದಾಗಿದ್ದು 1959ಕ್ಕೆ. 1952ರಲ್ಲಿ ಮೊದಲ ಸಲ ಎಲ್ಲಾ ವಯಸ್ಕರೂ ಮತ ಹಾಕಿದ್ರು. ನನ್ನ ಪ್ರಕಾರ ಬಡ ರೈತನಿಗೆ ತಾನು ಈ ದೇಶದವ ಅಂತ ಮೊದಲು ಅನ್ನಿಸಿದ್ದು ಸೈನ್ಯ ಬಂದಾಗ ಅಲ್ಲ, ಚೀಟಿ ಡಬ್ಬಿಗೆ ಹಾಕಿದಾಗ. ಅದೇ ವರ್ಷ ಹೈದರಾಬಾದ್ ನಗರದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದು 'ಗೈರ್ ಮುಲ್ಕಿ ಗೋ ಬ್ಯಾಕ್, ಇಡ್ಲಿ ಸಾಂಬಾರ್ ಗೋ ಬ್ಯಾಕ್' ಅಂತ ಕೂಗಿದ್ರು. ಮದ್ರಾಸ್ ಕಡೆಯಿಂದ ನೌಕರಿಗೆ ಬಂದವರ ವಿರುದ್ಧ. ಇಬ್ಬರೂ ಈಗ ಒಂದೇ ಸಂವಿಧಾನದ ಪೌರರು, ಆದ್ರೂ ಮುಲ್ಕಿ ಮಾಯ ಆಗಿರಲಿಲ್ಲ. ಪೊಲೀಸ್ ಗುಂಡಿಗೆ ಜೀವಗಳು ಹೋದವು.

ಆಮೇಲೆ 1956ರ ನವೆಂಬರ್ 1. ಈ ಸಲ ಅಳತೆ ಭಾಷೆ. ಬೀದರ್ ಜಿಲ್ಲೆಯನ್ನ ರೊಟ್ಟಿ ಮುರಿದಂಗ ಮೂರು ಪಾಲು ಮಾಡಿದ್ರು. ಉದಗೀರ್, ಅಹ್ಮದ್‌ಪುರ, ನಿಲಂಗಾ ಮುಂಬೈ ರಾಜ್ಯಕ್ಕೆ. ನಾರಾಯಣಖೇಡ್, ಜಹೀರಾಬಾದ್ ಆಂಧ್ರಕ್ಕೆ. ಬೀದರ್, ಹುಮನಾಬಾದ್, ಭಾಲ್ಕಿ, ಔರಾದ್ ಕಡೆ ಮೈಸೂರಿಗೆ. ಜಹೀರಾಬಾದ್ ತಾಲೂಕಿನ ನಿರ್ಣಾ ಸರ್ಕಲ್ ಒಂದನ್ನ ಬಿಡಿಸಿ ಮೈಸೂರಿಗೇ ಇಟ್ಟರು, ಬೀದರ್ ತಾಲೂಕಿನ ನ್ಯಾಲ್ಕಲ್ ಸರ್ಕಲ್ ಬಿಡಿಸಿ ಆಂಧ್ರಕ್ಕೆ ಕೊಟ್ಟರು. ಬೀಗರ ಊರು ಬೇರೆ ರಾಜ್ಯ ಆಯ್ತು. ಆದರೆ ಬಸವಕಲ್ಯಾಣ ಸಂತೆಯಲ್ಲಿ ನಿಂತು ಕಿವಿಗೊಟ್ಟು ಕೇಳಿ: ಒಂದೇ ಗಿರಾಕಿ ಕನ್ನಡದಾಗ ರೇಟ್ ಕೇಳಿ, ದಖನಿಯಲ್ಲಿ ಚೌಕಾಸಿ ಮಾಡಿ, ಮರಾಠಿಯಲ್ಲಿ ಬೈದು ಹೋಗ್ತಾನೆ. ಇವನನ್ನ ಯಾವ ಪಾಲಿಗೆ ಹಾಕ್ತೀರಿ?

ನಮ್ಮ ಪೀಳಿಗೆಗೆ ಇದೆಲ್ಲಾ ಹಳೇ ಕಥೆ ಅನ್ನಿಸಿದ್ರೆ, ನಿಮ್ಮ ಫೈಲ್ ತೆಗೀರಿ. 371 ಜೆ ಪ್ರಮಾಣಪತ್ರ ಇರಬೇಕಲ್ಲ? 2012ರ ತಿದ್ದುಪಡಿ, ಮರುವರ್ಷ ನಿಯಮ. ಈ ಭಾಗದಲ್ಲಿ ಹುಟ್ಟಿರಬೇಕು, ಇಲ್ಲವೇ 2013ರ ಜನವರಿ 1ಕ್ಕೆ ಮುಂಚೆ ಕನಿಷ್ಠ 10 ವರ್ಷ ಇಲ್ಲಿ ವಾಸ ಇರಬೇಕು, ಅಥವಾ ಅಂಥವರ ಮಕ್ಕಳಾಗಿರಬೇಕು. ಇಲ್ಲಿನ ಸಿ ದರ್ಜೆ ಹುದ್ದೆಗಳಲ್ಲಿ 80%, ಡಿ ದರ್ಜೆಯಲ್ಲಿ 85% ಸ್ಥಳೀಯರಿಗೆ. ಎಸಿ ಆಫೀಸಿನ ಮುಂದೆ ಕ್ಯೂ ನಿಂತಾಗ ನಾವು ಸಾಬೀತು ಮಾಡ್ತಿರೋದು ಏನು? ನಾನು ಮುಲ್ಕಿ ಅಂತ, ಮತ್ತೇನಿಲ್ಲ. ತಮಾಷೆ ಏನಂದ್ರೆ ಆ ಒಂಬತ್ತು ವರ್ಷದಲ್ಲಿ ಬಳ್ಳಾರಿ ಹೈದರಾಬಾದ್ ರಾಜ್ಯದ ಸಂಗಡ ಇರಲಿಲ್ಲ, ಮದ್ರಾಸಿನಿಂದ 1953ರಲ್ಲಿ ಮೈಸೂರಿಗೆ ಬಂದಿದ್ದು, ಆದ್ರೂ ಪಟ್ಟಿಯಲ್ಲಿ ಅದ. ನನಗೆ ಆ ಪ್ರಮಾಣಪತ್ರದ ಬಗ್ಗೆ ತಕರಾರಿಲ್ಲ, ಹಿಂದುಳಿದ ಭಾಗಕ್ಕೆ ಬೇಕು. ನನ್ನ ಹತ್ರನೂ ಅದ.

ದೇಶದ ಮಟ್ಟದಲ್ಲೂ ಅಳತೆ ಬದಲಾಗ್ತಾನೇ ಬಂದಿದೆ. 1987ರ ಜುಲೈಗಿಂತ ಮುಂಚೆ ಭಾರತದಲ್ಲಿ ಹುಟ್ಟಿದವರಿಗೆ ಹುಟ್ಟೇ ಸಾಕಿತ್ತು. ಆಮೇಲೆ ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರಾದ್ರೂ ಭಾರತದ ಪೌರರಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ, ಇನ್ನೊಬ್ಬರು ಅಕ್ರಮ ವಲಸಿಗರು ಆಗಿರಬಾರದು. ಈಗ ಕೇಳ್ತಿರೋ ನಿಮ್ಮಲ್ಲಿ ಕಾಲೇಜು ಹುಡುಗರು ಈ ಮೂರನೇ ಸಾಲಿನವರು, ನಾನು ಎರಡನೇದು, ನಮ್ಮ ಅಪ್ಪ ಮೊದಲನೇದು. ಒಂದೇ ಮನೆ, ಪೌರತ್ವಕ್ಕೆ ಮೂರು ಬೇರೆ ಬೇರೆ ಕಾರಣ.

ಕೊನೆಗೆ ಸೆಪ್ಟೆಂಬರ್ 17. ಮಹಾರಾಷ್ಟ್ರದಲ್ಲಿ ಅದು ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಕೇಂದ್ರ ಸರ್ಕಾರ ಹೈದರಾಬಾದ್ ವಿಮೋಚನಾ ದಿನ ಅಂತದೆ, ತೆಲಂಗಾಣ ಸರ್ಕಾರ 2022ರಲ್ಲಿ ಏಕೀಕರಣ ದಿನ ಅಂತ ಕರೀತು. ನಮ್ಮಲ್ಲಿ 2019ರವರೆಗೆ ವಿಮೋಚನಾ ದಿನ, ಈಗ ಕಲ್ಯಾಣ ಕರ್ನಾಟಕ ಉತ್ಸವ. ಅವತ್ತು ಧ್ವಜ ಹಾರ್ತದ, ಭಾಷಣ ಆಗ್ತದ. ಗೋರ್ಟಾದ ಹೆಸರು ತಪ್ಪದೇ ಬರ್ತದ, ಬರಲೇಬೇಕು. ಸುಂದರಲಾಲ್ ಸಮಿತಿಯ ಹೆಸರು ಮಾತ್ರ ನಾನು ಆ ವೇದಿಕೆಗಳಲ್ಲಿ ಇನ್ನೂ ಒಂದು ಸಲವೂ ಕೇಳಿಲ್ಲ.