ವೇಗ ಸಂವೇದಕ ಮತ್ತು ಅದರ ತಂತಿಗಳ ದೋಷ ಪತ್ತೆ: ಅರ್ಹತಾ ಪತ್ರದ ಅರ್ಜಿದಾರರಿಗೆ ಮಾಹಿತಿ

ಮೋಟಾರು ವಾಹನಗಳ ಕಾಯ್ದೆ 1988ರ ಕಲಂ 56ರ ಅನ್ವಯ, ಚಾಲ್ತಿಯಲ್ಲಿರುವ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನದ ನೋಂದಣಿಯನ್ನು ಸಿಂಧುವೆಂದು ಪರಿಗಣಿಸಲಾಗುವುದಿಲ್ಲ. ಅರ್ಹತಾ ಪತ್ರದ ತಪಾಸಣೆಗೆ ವಾಹನವನ್ನು ಹಾಜರುಪಡಿಸುವಾಗ ವೇಗಮಾಪಕವೂ, ಕೇಂದ್ರ ಮೋಟಾರು ವಾಹನಗಳ ನಿಯಮಗಳು 1989ರ ನಿಯಮ 118ಕ್ಕೆ ಒಳಪಡುವ ವಾಹನಗಳಲ್ಲಿ ವೇಗ ನಿಯಂತ್ರಕವೂ ಸುಸ್ಥಿತಿಯಲ್ಲಿರತಕ್ಕದ್ದು. ಅನೇಕ ವಾಹನಗಳಲ್ಲಿ ಇವೆರಡಕ್ಕೂ ವೇಗದ ಸಂಕೇತ ಒದಗಿಸುವುದು ಗೇರ್ ಬಾಕ್ಸ್‌ನ ಹಿಂಬದಿಯಲ್ಲಿರುವ ವೇಗ ಸಂವೇದಕ, ಅಂದರೆ ಸ್ಪೀಡ್ ಸೆನ್ಸರ್. ಈ ಸಣ್ಣ ಭಾಗದ ದೋಷದಿಂದ ವಾಹನ ತಿರಸ್ಕೃತವಾದಲ್ಲಿ ಮಾಲೀಕರಿಗೆ ಮರುತಪಾಸಣೆಯ ಅಲೆದಾಟದ ಜೊತೆಗೆ ಬಾಡಿಗೆಯ ನಷ್ಟವೂ ಉಂಟಾಗುತ್ತದೆ. ಆದ್ದರಿಂದ ಅರ್ಜಿ ಸಲ್ಲಿಸುವ ಮೊದಲೇ ಇದನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ.

ಮುಳ್ಳು ಸೊನ್ನೆಯಲ್ಲೇ ನಿಂತಿದ್ದರೆ ಸಂವೇದಕ, ತಂತಿ ಅಥವಾ ಮಾಪಕ ಇವುಗಳಲ್ಲಿ ಯಾವುದಾದರೂ ಕೆಟ್ಟಿರಬಹುದು. ಹಳ್ಳದಿಣ್ಣೆಯ ರಸ್ತೆಯಲ್ಲಿ ಮಾತ್ರ ಮುಳ್ಳು ಬಿದ್ದು ಏಳುತ್ತಿದ್ದರೆ ಮೊದಲು ತಂತಿ ಮತ್ತು ಕನೆಕ್ಟರನ್ನು ಶಂಕಿಸಬೇಕು. ಎಲ್ಲಾ ವೇಗಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಹೆಚ್ಚು ಅಥವಾ ಕಡಿಮೆ ತೋರಿಸುತ್ತಿದ್ದಲ್ಲಿ ಸಾಮಾನ್ಯವಾಗಿ ಟಯರಿನ ಅಳತೆ ಬದಲಾಗಿರುತ್ತದೆ. ಸಂವೇದಕವನ್ನು ದೂಷಿಸಿ ಪ್ರಯೋಜನವಿಲ್ಲ.

ಹೊಸ ಸಂವೇದಕ ಕೊಂಡು ಹಾಕಿಸಿದ ಮೇಲೂ ಮುಳ್ಳು ಏಳಲಿಲ್ಲವೆಂದು ಮರಳಿ ಬರುವ ಅರ್ಜಿದಾರರಿದ್ದಾರೆ. ಕಾರಣ, ತಂತಿಯನ್ನು ಯಾರೂ ನೋಡಿರುವುದಿಲ್ಲ. ಕನೆಕ್ಟರನ್ನು ಬಿಚ್ಚಿ ಒಳಗಿನ ಪಿನ್ನುಗಳಲ್ಲಿ ಹಸಿರು ಕಿಲುಬು, ನೀರು ಅಥವಾ ಎಣ್ಣೆ ಇದೆಯೇ ಎಂದು ಪರಿಶೀಲಿಸಬೇಕು. ಸೈಲೆನ್ಸರ್ ಪೈಪಿನ ಸಮೀಪ ಸುಟ್ಟಿರುವ ಹಾಗೂ ಚಾಸಿಗೆ ಉಜ್ಜಿ ಸವೆದಿರುವ ಕಡೆ ತಂತಿಯ ಹೊದಿಕೆಯನ್ನು ನೋಡಬೇಕು. ಹೊದಿಕೆ ಸರಿಯಿದ್ದು ಒಳಗೆ ತಾಮ್ರ ತುಂಡಾಗಿರುವುದೂ ಉಂಟು. ಎರಡೂ ತುದಿಗಳನ್ನು ಬಿಚ್ಚಿಟ್ಟು ಮಲ್ಟಿಮೀಟರಿನಿಂದ ಒಂದೊಂದೇ ತಂತಿಯ ಸಂಪರ್ಕ ಪರೀಕ್ಷಿಸುವಾಗ ತಂತಿಯನ್ನು ಅಲುಗಾಡಿಸಿದರೆ ಇಂತಹ ದೋಷ ಹೊರಬೀಳುತ್ತದೆ.

ಮೂರು ತಂತಿಗಳ ಹಾಲ್ ಮಾದರಿಯ ಸಂವೇದಕದಲ್ಲಿ ಒಂದು ವಿದ್ಯುತ್ ಪೂರೈಕೆಗೆ, ಒಂದು ಅರ್ಥ್‌ಗೆ, ಮತ್ತೊಂದು ಸಂಕೇತಕ್ಕೆ. ಕೀಲಿ ತಿರುಗಿಸಿದಾಗ ಕನೆಕ್ಟರಿನಲ್ಲಿ ಪೂರೈಕೆಯ ವೋಲ್ಟೇಜ್ ದೊರೆಯದಿದ್ದಲ್ಲಿ ಫ್ಯೂಸ್, ಅರ್ಥ್ ಮತ್ತು ತಂತಿಯ ಕಡೆಗೆ ಗಮನ ಹರಿಸಬೇಕು. ಪೂರೈಕೆ ಸರಿಯಿದ್ದು, ಕನೆಕ್ಟರನ್ನು ಮರಳಿ ಜೋಡಿಸಿ ಚಕ್ರವನ್ನು ನಿಧಾನವಾಗಿ ತಿರುಗಿಸಿದಾಗ ಸಂಕೇತದ ತಂತಿಯಲ್ಲಿ ವೋಲ್ಟೇಜ್ ಏರಿಳಿಯದಿದ್ದರೆ ಸಂವೇದಕ ಕೆಟ್ಟಿರುವ ಸಂಭವ ಹೆಚ್ಚು. ಅದನ್ನು ಎಸೆಯುವ ಮೊದಲು ತುದಿಗೆ ಕಬ್ಬಿಣದ ಪುಡಿ ಅಂಟಿದೆಯೇ ಎಂದು ನೋಡಿ ಒರೆಸುವುದು ಒಳ್ಳೆಯದು. ಎರಡು ತಂತಿಗಳ ಸುರುಳಿ ಮಾದರಿಯಲ್ಲಿ ಸುರುಳಿಯ ರೋಧವನ್ನು ಅಳೆದು ತಯಾರಕರ ಕೈಪಿಡಿಯ ಅಳತೆಯೊಡನೆ ಹೋಲಿಸಬೇಕು. ಬಲ್ಬಿನ ಟೆಸ್ಟ್ ಲ್ಯಾಂಪನ್ನು ಬಳಸಬಾರದು. ಚಕ್ರ ಎತ್ತಿ ಮಾಡುವ ಪರೀಕ್ಷೆಯನ್ನು ಆಟೋ ಎಲೆಕ್ಟ್ರಿಷಿಯನ್‌ಗೆ ವಹಿಸುವುದು ಕ್ಷೇಮ.

ವೇಗ ಮಿತಿಯನ್ನು ತಪ್ಪಿಸುವ ಸಲುವಾಗಿ ಕೆಲವರು ಸಂವೇದಕದ ತಂತಿಯನ್ನೇ ಕತ್ತರಿಸುತ್ತಾರೆ. ಶಾಲಾ ಬಸ್ಸಿನ ಮಿತಿ ಗಂಟೆಗೆ 60 ಕಿ.ಮೀ. ಎಂದು ನಿಗದಿಯಾಗಿರುವುದು ಒಳಗೆ ಕುಳಿತ ಮಕ್ಕಳ ಸಲುವಾಗಿ ಎಂಬುದನ್ನು ಮರೆಯಬಾರದು. ದುರಸ್ತಿಗಾಗಿ ವೇಗ ನಿಯಂತ್ರಕದ ಸೀಲು ತೆಗೆಯಬೇಕಾಗಿ ಬಂದಲ್ಲಿ ತಯಾರಕರ ಅಧಿಕೃತ ಪ್ರತಿನಿಧಿಯಿಂದಲೇ ತೆಗೆಸಿ, ಮರಳಿ ಸೀಲು ಹಾಕಿಸಿಕೊಂಡು, ರಶೀದಿಯನ್ನು ತಪಾಸಣೆಯ ದಿನ ಜೊತೆಯಲ್ಲಿ ತರುವುದು.