ಮಾತಾಡದ ನದಿ: ‘ಓಲ್ ಮ್ಯಾನ್ ರಿವರ್’ ಗೀತೆಯ ವರ್ಣಭೇದ ವಿವಾದದ ಮರುಪರಿಶೀಲನೆ

‘ಷೋ ಬೋಟ್’ (1936) ಚಿತ್ರದಲ್ಲಿ ಪಾಲ್ ರೋಬ್ಸನ್ ಹಾಡಿದ ‘ಓಲ್ ಮ್ಯಾನ್ ರಿವರ್’ ಕಪ್ಪು ಅಮೆರಿಕನ್ನರನ್ನು ಹೀಗಳೆಯುವ ಗೀತೆಯೇ ಎಂಬ ವಾದ ಇನ್ನೂ ತೀರಿಲ್ಲ. ವಾದಿ ಪ್ರತಿವಾದಿಗಳಿಬ್ಬರೂ ಚರ್ಚೆಗೆ ಎತ್ತಿಕೊಳ್ಳದೆ ಒಪ್ಪಿಬಿಟ್ಟಿರುವ ಮಾತು ಒಂದಿದೆ: ಆಸ್ಕರ್ ಹ್ಯಾಮರ್‌ಸ್ಟೈನ್ ಬರೆದ ಮೂಲಪಾಠ ಶರಣಾಗತಿಯ ಹಾಡು. ಆ ಶರಣಾಗತಿಯೇ ಅವಮಾನ ಎನ್ನುತ್ತಾರೆ ಆಕ್ಷೇಪಿಸುವವರು. ಹೌದು, ಆದರೆ ರೋಬ್ಸನ್ ಸಾಲುಗಳನ್ನು ತಿದ್ದಿ ಅದನ್ನು ಹೋರಾಟದ ಹಾಡಾಗಿಸಿ ಉಳಿಸಿದರು ಎನ್ನುತ್ತಾರೆ ಸಮರ್ಥಿಸುವವರು. ಈ ಲೇಖನದ ತಕರಾರು ಇಬ್ಬರೂ ನಿಂತಿರುವ ಆ ನೆಲದ ಬಗೆಗೆ. ಅದನ್ನು ಪರೀಕ್ಷಿಸಲು ನಾಟಕದಲ್ಲಿ ಹಾಡು ಹುಟ್ಟುವ ಸಂದರ್ಭ, ಚಿತ್ರದಲ್ಲಿ ಅದರ ಆಚೆಗೆ ಬರುವ ಒಂದು ಯುಗಳಗೀತೆ ಹಾಗೂ ಅಸ್ಸಾಮಿನಲ್ಲಿ ಅದು ಪಡೆದ ಮರುಹುಟ್ಟನ್ನು ಸಾಕ್ಷ್ಯವಾಗಿ ಬಳಸಿಕೊಂಡಿದ್ದೇನೆ.

ಎಲ್ಲರೂ ಒಪ್ಪುವ ಸಂಗತಿಗಳನ್ನು ಬೇಗ ದಾಟಿಬಿಡಬಹುದು. ಎಡ್ನಾ ಫರ್ಬರ್ ಅವರ 1926ರ ಕಾದಂಬರಿಯನ್ನು ಆಧರಿಸಿ ಜೆರೋಮ್ ಕರ್ನ್ ಸಂಗೀತ ಮತ್ತು ಹ್ಯಾಮರ್‌ಸ್ಟೈನ್ ಸಾಹಿತ್ಯದ ‘ಷೋ ಬೋಟ್’ ನ್ಯೂಯಾರ್ಕಿನಲ್ಲಿ 1927ರ ಡಿಸೆಂಬರ್ 27ರಂದು ರಂಗವೇರಿತು. ಹಮಾಲಿ ಜೋ ಪಾತ್ರದಲ್ಲಿ ಈ ಹಾಡನ್ನು ಮೊದಲು ಹಾಡಿದವರು ಜೂಲ್ಸ್ ಬ್ಲೆಡ್ಸೋ. ರೋಬ್ಸನ್ ಆ ಪಾತ್ರಕ್ಕೆ ಬಂದದ್ದು 1928ರ ಲಂಡನ್ ಪ್ರಯೋಗದಲ್ಲಿ. ಮೂಲ ನಾಟಕದ ಆರಂಭದಲ್ಲೇ ಕಪ್ಪು ಜನರಿಗೆ ಹಾಕುವ ಅತಿ ಹೀನ ಬೈಗುಳವಿತ್ತು. 1936ರ ಚಿತ್ರ ಅದರ ಜಾಗದಲ್ಲಿ ತುಸು ಮೆದುವಾದ, ಆದರೂ ತುಚ್ಛವೇ ಆದ ಪದವನ್ನು ತಂದಿತು. 1946ರ ಮರುಪ್ರಯೋಗ ‘ಬಣ್ಣದ ಜನ’ ಎಂಬರ್ಥದ ಸಭ್ಯ ಮಾತಿಗೆ ಇಳಿಯಿತು. ಅದೇ ವರ್ಷದ ‘ಟಿಲ್ ದ ಕ್ಲೌಡ್ಸ್ ರೋಲ್ ಬೈ’ ಚಿತ್ರದ ಕೊನೆಯಲ್ಲಿ ಬಿಳಿ ಸೂಟು ತೊಟ್ಟ ಫ್ರಾಂಕ್ ಸಿನಾತ್ರಾ ಬಿಳಿ ಪೀಠದ ಮೇಲೆ ನಿಂತು ಇದನ್ನು ಹಾಡಿದಾಗ ದುಡಿಯುವವರು ಯಾವ ಬಣ್ಣದವರು ಎಂಬುದೇ ಅಳಿಸಿಹೋಯಿತು. ಬೈಗುಳ ತೆಗೆದದ್ದು ಸರಿ. ಆದರೆ ಬೈಗುಳದ ಬೆನ್ನು ಹತ್ತಿದ ಚರ್ಚೆ ಇಂಥ ಕಡೆಗೂ ಬಂದು ನಿಲ್ಲಬಹುದು; ಬಯ್ದವರ ಜೊತೆಗೆ ಬೈಸಿಕೊಂಡವರೂ ಕಾಣೆಯಾಗುತ್ತಾರೆ.

1993ರಲ್ಲಿ ಟೊರಾಂಟೊ ಬಳಿಯ ನಾರ್ತ್ ಯಾರ್ಕಿನಲ್ಲಿ ಹೆರಾಲ್ಡ್ ಪ್ರಿನ್ಸ್ ನಿರ್ದೇಶನದ ಪ್ರಯೋಗದ ವಿರುದ್ಧ ಕಪ್ಪು ಸಮುದಾಯ ಬೀದಿಗಿಳಿದಾಗ ವಾದ ಹೊಸ ಮಟ್ಟ ಮುಟ್ಟಿತು. ಆ ಸಂದರ್ಭದಲ್ಲಿ ಎಂ. ನೌರ್ಬೆಸೆ ಫಿಲಿಪ್ ಬರೆದ ‘ಷೋಯಿಂಗ್ ಗ್ರಿಟ್’ ಈ ಕಡೆಯ ಅತಿ ಗಟ್ಟಿಯಾದ ಬರಹ. ಬಿಳಿಯರ ಪ್ರೇಮಕಥೆಗೆ ಕಪ್ಪು ಜನರ ಬದುಕು ಇಲ್ಲಿ ಹಿನ್ನೆಲೆಯ ಪರದೆಯಾಗಿದೆ ಎಂಬ ಅವರ ಮೂಲ ಆಕ್ಷೇಪವನ್ನು ನಾನು ಪ್ರಶ್ನಿಸುವುದಿಲ್ಲ. ಟಾಡ್ ಡೆಕ್ಕರ್ ಅವರ 2013 ಮತ್ತು 2015ರ ಎರಡು ಗ್ರಂಥಗಳು ಗೀತೆಯ ಚರಿತ್ರೆಯನ್ನು ಹಾಡಿದವರ ಕಡೆಯಿಂದ ಕಟ್ಟಿಕೊಟ್ಟಿವೆ. ಅವುಗಳ ಋಣವಿಲ್ಲದೆ ಇಂದು ಈ ವಿಷಯದ ಬಗ್ಗೆ ಬರೆಯಲಾಗದು.

ತಕರಾರು ಶುರುವಾಗುವುದು ರೋಬ್ಸನ್ ಮಾಡಿದ ತಿದ್ದುಪಡಿಯಿಂದ. 1930ರ ದಶಕದ ಉತ್ತರಾರ್ಧದಿಂದ ಅವರು ಕಛೇರಿಗಳಲ್ಲಿ ಹಾಡಿದ ಪಾಠವೇ ಬೇರೆ. ಮೂಲದಲ್ಲಿ ಜೋ ತಾನು ಆ ಮುದುಕ ನದಿಯಂತೆ ಆಗಬೇಕೆಂದು ಹಂಬಲಿಸುತ್ತಾನೆ. ರೋಬ್ಸನ್ ತಾನು ಹಾಗಾಗಲಾರೆ ಎಂದರು. ಕುಡಿದು ಜೈಲು ಸೇರುವ ಮಾತು ಎದೆಗಾರಿಕೆ ತೋರಿ ಜೈಲು ಸೇರುವ ಮಾತಾಯಿತು. (ಫಿಲಿಪ್ ಪುಸ್ತಕದ ಹೆಸರಿನಲ್ಲಿ ಈ ಸಾಲಿನ ನೆರಳಿದೆ.) ಬದುಕಿ ಬೇಸತ್ತು ಸಾವಿಗೆ ಅಂಜುವ ಮುಕ್ತಾಯ, ಸಾಯುವ ತನಕ ಹೋರಾಡುವ ಪಣವಾಯಿತು. ಹ್ಯಾಮರ್‌ಸ್ಟೈನ್‌ಗೆ ಇದು ಹಿಡಿಸಲಿಲ್ಲ. ನನ್ನ ಮಾತು ಬದಲಿಸುವುದು ಬೇಡ, ಬೇಕಾದರೆ ಪಾಲ್ ತಮ್ಮದೇ ಹಾಡು ಬರೆದುಕೊಳ್ಳಲಿ ಎಂಬರ್ಥದ ಅವರ ಪ್ರತಿಕ್ರಿಯೆ ದಾಖಲಾಗಿದೆ. ಪಾಸ್‌ಪೋರ್ಟ್ ಕಸಿದುಕೊಂಡ ಅಮೆರಿಕದ ಒಳಗೇ ನಿಂತು ರೋಬ್ಸನ್ 1952ರಲ್ಲಿ ಕೆನಡಾದ ಗಡಿಯ ಪೀಸ್ ಆರ್ಚ್ ಬಳಿ, ಎರಡೂ ದೇಶಗಳ ಕಾರ್ಮಿಕರೆದುರು ಇದನ್ನು ಹಾಡಿದಾಗ ಬರೆದವನ ಹಕ್ಕು ದೊಡ್ಡದೋ ಹಾಡುವವನ ಹಕ್ಕು ದೊಡ್ಡದೋ ಎಂಬ ಪ್ರಶ್ನೆ ನೈತಿಕವಾಗಿಯಾದರೂ ಇತ್ಯರ್ಥವಾಗಿತ್ತು.

ಸಾಮಾನ್ಯವಾಗಿ ಇದರಿಂದ ತೆಗೆಯುವ ತೀರ್ಮಾನ ಹೀಗಿದೆ: ತಿದ್ದುಪಡಿ ಬೇಕಾಯಿತು ಎಂದ ಮೇಲೆ ಮೂಲ ದೋಷಯುಕ್ತ. ಇಲ್ಲಿ ತರ್ಕ ಒಂದು ಮೆಟ್ಟಿಲು ಹಾರಿದೆ ಎಂಬುದು ನನ್ನ ಅನಿಸಿಕೆ. ತನ್ನ ರಾಜಕೀಯಕ್ಕೆ ಮೂಲ ಸಾಲದು ಎಂದು ಗಾಯಕನಿಗೆ ಅನಿಸಿತೆಂಬುದನ್ನು ಮಾತ್ರ ತಿದ್ದುಪಡಿ ತೋರಿಸುತ್ತದೆ. ಮೂಲ ಏನು ಹೇಳುತ್ತಿತ್ತು ಎಂಬುದನ್ನು ಮೂಲದಲ್ಲೇ ನೋಡಬೇಕು.

ನಾಟಕದಲ್ಲಿ ಹಾಡು ಹುಟ್ಟುವ ಗಳಿಗೆಯನ್ನು ಗಮನಿಸಿ. ಹಡಗಿನ ಯಜಮಾನನ ಮಗಳು ಮ್ಯಾಗ್ನೋಲಿಯಾ ಈಗಷ್ಟೇ ಕಂಡ ಯುವಕನೊಬ್ಬನಿಗೆ ಮನಸೋತು, ಅವನು ಎಂಥವನು ಎಂದು ಜೋನನ್ನು ವಿಚಾರಿಸುತ್ತಾಳೆ. ನದಿಯನ್ನೇ ಕೇಳುವುದು ಒಳ್ಳೆಯದು ಎಂದು ಜೋ ಜಾರಿಕೊಳ್ಳುತ್ತಾನೆ; ಹಾಡು ಅಲ್ಲಿಂದ ಏಳುತ್ತದೆ. ಬಿಳಿ ಹುಡುಗಿಯ ಪ್ರಶ್ನೆ ಕಪ್ಪು ಕೂಲಿಗೆ, ಅವನಿಂದ ನದಿಗೆ ದಾಟುತ್ತದೆ. ನದಿಗೆ ಏನೋ ಗೊತ್ತಿದೆ, ಆದರೆ ಬಾಯಿ ಬಿಡುವುದಿಲ್ಲ ಎಂಬುದು ಪಲ್ಲವಿಯ ತಿರುಳು. ಹಾಗೆಂದು ಹೇಳುತ್ತಿರುವ ಜೋಗೂ ಆ ಜೂಜುಗಾರ ಯುವಕನ ಹಣೆಬರಹ ಗೊತ್ತು, ಅವನೂ ಬಾಯಿ ಬಿಟ್ಟಿಲ್ಲ. ಬಿಳಿಯರ ಹಡಗಿನಲ್ಲಿ ದುಡಿಯುವವನಿಗೆ ಬಾಯಿ ಬಿಡುವ ಅನುಕೂಲವಾದರೂ ಎಲ್ಲಿದೆ? ಹಾಗೆ ನೋಡಿದರೆ ನದಿಯ ಮೌನ ಪ್ರಕೃತಿಯ ನಿರ್ಲಿಪ್ತತೆಯಷ್ಟೇ ಆಗಿ ಉಳಿಯುವುದಿಲ್ಲ; ಬಲ್ಲವನ ಮೌನವೂ ಆಗುತ್ತದೆ.

ಇದಕ್ಕೆ ಎದುರಾಗುವ ಆಕ್ಷೇಪ ಸಣ್ಣದಲ್ಲ. ಮೂಲದಲ್ಲಿ ಜೋ ನದಿಯನ್ನು ಪ್ರಶ್ನಿಸುವುದಿಲ್ಲ, ಅದರ ಬಗ್ಗೆ ಕರುಬುತ್ತಾನೆ. ಅದರಂತೆ ಏನೂ ತಟ್ಟದವನಾಗಲು ಬಯಸುವುದು ಶರಣಾಗತಿಯಲ್ಲದೆ ಇನ್ನೇನು? ಒಪ್ಪಬೇಕಾದ ಮಾತೇ. ಆದರೆ ಅದೇ ಚರಣದಲ್ಲಿ ಈ ನೆಲ ಸ್ವತಂತ್ರವಲ್ಲ ಎಂಬ ಮಾತೂ ಇದೆ ಎನ್ನುವುದನ್ನು ಮರೆಯುವಂತಿಲ್ಲ. ಅದು ರೋಬ್ಸನ್ ಸೇರಿಸಿದ್ದಲ್ಲ, ಹ್ಯಾಮರ್‌ಸ್ಟೈನ್ ಬರೆದದ್ದು. ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡು ಎರಡು ದಶಕ ಕಳೆದ ಕಾಲದಲ್ಲಿ ಕಥೆ ಶುರುವಾಗುತ್ತದೆ ಎಂಬುದನ್ನು ನೆನೆದರೆ ಆ ಮಾತಿನ ಮೊನೆ ಇನ್ನೂ ಹರಿತ. ಕಲ್ಲಾಗಬೇಕು, ನೀರಾಗಬೇಕು ಎಂದು ಹಂಬಲಿಸುವವನು ಮನುಷ್ಯನಾಗಿ ಉಳಿಯುವ ಬೆಲೆ ತಾಳಲಾರದಷ್ಟಾಗಿದೆ ಎಂದೇ ಹೇಳುತ್ತಿದ್ದಾನೆ. ಅಷ್ಟನ್ನು ದೂರು ಎನ್ನಬಹುದು, ಬಂಡಾಯ ಎನ್ನಲಾಗದು. ಎರಡರ ನಡುವಿನ ಆ ಅಂತರದಲ್ಲೇ ಗೀತೆ ಇದೆ.

ಕರ್ನ್ ಅವರ ಸಂಗೀತವೂ ಈ ಓದಿನ ಕಡೆಗೇ ವಾಲುತ್ತದೆ. ಪಲ್ಲವಿ ಬಹುಮಟ್ಟಿಗೆ ಐದೇ ಸ್ವರಗಳಲ್ಲಿ ನಡೆಯುತ್ತದೆ. ಮೋಹನ ರಾಗ ಬಲ್ಲ ಕಿವಿಗೆ ಅಪರಿಚಿತ ಎನಿಸದು. ಇದು ಕಪ್ಪು ಜನರ ಪಾರಂಪರಿಕ ಭಕ್ತಿಗೀತೆ ಎಂದು ಅನೇಕರು ಇಂದಿಗೂ ತಪ್ಪಾಗಿ ತಿಳಿಯಲು ಈ ಔಡವ ನಡೆಯೂ ಕಾರಣವಿರಬೇಕು. ಮಂದ್ರದಲ್ಲಿ ಶುರುವಾಗಿ ಒಂದೂವರೆ ಸ್ಥಾಯಿಗೂ ಮಿಕ್ಕಿ ಹರಡುವ ಗೀತೆ ದಣಿವಿನ, ಸಾವಿನಂಜಿಕೆಯ ಮಾತು ಬಂದಲ್ಲಿ ಮೇಲೇರತೊಡಗಿ, ನದಿ ಹರಿಯುತ್ತಲೇ ಇದೆ ಎಂಬಲ್ಲಿ ಶಿಖರ ಮುಟ್ಟುತ್ತದೆ. ಸೋಲನ್ನು ಒಪ್ಪಿಸುವುದಷ್ಟೇ ಸಂಯೋಜಕನ ಉದ್ದೇಶವಾಗಿದ್ದರೆ ದನಿ ಇಳಿಯಬೇಕಿತ್ತು. ರೋಬ್ಸನ್ ಆ ಏರುದಾರಿಯಲ್ಲಿ ಹೋರಾಟದ ಮಾತನ್ನಿಟ್ಟಾಗ ಸ್ವರಕ್ಕೆ ಮಾತು ಹೊಂದಿತು. ಮೂಲದಲ್ಲಿ ಅವೆರಡೂ ಸೆಣಸುತ್ತವೆ. ಸಂಗೀತದಿಂದ ಅರ್ಥ ಹಿಂಡುವ ಕೆಲಸ ಎಷ್ಟು ಜಾರುವ ನೆಲ ಎಂಬುದನ್ನು ಬಲ್ಲೆ. ಹಾಗಾಗಿ ಇದನ್ನು ಪೋಷಕ ಸಾಕ್ಷ್ಯವಾಗಿ ಮಾತ್ರ ಮುಂದಿಡುತ್ತೇನೆ.

ಹಾಗಾದರೆ ಅವಮಾನ ಎಲ್ಲಿದೆ? ನನ್ನ ಉತ್ತರ: ಚಿತ್ರದಲ್ಲಿದೆ, ಈ ಹಾಡಿನ ಹೊರಗಿದೆ. ನಿರ್ದೇಶಕ ಜೇಮ್ಸ್ ವೇಲ್ ಈ ಗೀತೆಯನ್ನು ಚಿತ್ರಿಸಿದ ರೀತಿ ಆ ಕಾಲದ ಹಾಲಿವುಡ್‌ಗೆ ಅಪರೂಪದ್ದು. ನದಿಯ ದಂಡೆಯಲ್ಲಿ ಕುಳಿತ ರೋಬ್ಸನ್‌ರನ್ನು ಕ್ಯಾಮೆರಾ ಸುತ್ತುವರಿದು ಮುಖದ ಹತ್ತಿರಕ್ಕೆ ಬರುತ್ತದೆ. ನಡುವೆ ಹೊರೆ ಹೊರುವ, ಸೆರೆಮನೆಯಲ್ಲಿ ಬಿದ್ದಿರುವ ಬಿಂಬಗಳು ಮೂಡುತ್ತವೆ. ಅದೇ ಚಿತ್ರದಲ್ಲಿ ಮುಂದೆ ‘ಆ ಸ್ಟಿಲ್ ಸೂಟ್ಸ್ ಮಿ’ ಎಂಬ ಯುಗಳಗೀತೆ ಬರುತ್ತದೆ. ರೋಬ್ಸನ್ ಮತ್ತು ಹ್ಯಾಟಿ ಮೆಕ್‌ಡೇನಿಯಲ್ ಅವರಿಗಾಗಿ ಕರ್ನ್–ಹ್ಯಾಮರ್‌ಸ್ಟೈನ್ ಜೋಡಿಯೇ ಚಿತ್ರಕ್ಕೆಂದು ಹೊಸದಾಗಿ ಹೊಸೆದದ್ದು. ಅದರ ಹಾಸ್ಯವೆಲ್ಲ ಜೋನ ಸೋಮಾರಿತನದ ಮೇಲೆ: ಹೆಂಡತಿ ಮೂದಲಿಸುತ್ತಾಳೆ, ಗಂಡ ನಾನಿರುವುದೇ ಹೀಗೆ ಎಂದು ನಿಶ್ಚಿಂತನಾಗಿರುತ್ತಾನೆ. ಬೆನ್ನು ಮುರಿಯುವ ದುಡಿಮೆಗೆ ಸಾಕ್ಷಿ ನುಡಿದ ಬಾಯಲ್ಲೇ ದುಡಿಯದವನ ಹಾಡು! ಸಾಕ್ಷಿ ಕಟಕಟೆಯಿಂದ ಇಳಿಯುವ ಮೊದಲೇ ಅವನು ನಂಬಿಕೆಗೆ ಅರ್ಹನಲ್ಲ ಎಂದು ಪ್ರೇಕ್ಷಕರಿಗೆ ಹೇಳಿದಂತಾಯಿತು. ಇಬ್ಬರು ಕಲಾವಿದರ ಅಭಿನಯದ ಸಲುಗೆ, ದಾಂಪತ್ಯದ ಬಿಸುಪು ಆ ದೃಶ್ಯವನ್ನು ಎಷ್ಟೋ ಮಟ್ಟಿಗೆ ಕಾಪಾಡಿದೆ, ನಿಜ. ಆದರೆ ಕಪ್ಪು ಗಂಡಸು ಎಂದರೆ ಸೋಮಾರಿ ಎಂಬ ಹಳೆಯ ಕುಹಕ ಅಲ್ಲಿ ಅಲುಗದೆ ಕೂತಿದೆ. ಮ್ಯಾಗ್ನೋಲಿಯಾ ಪಾತ್ರದ ಐರೀನ್ ಡನ್ ಮುಖಕ್ಕೆ ಕಪ್ಪು ಬಳಿದುಕೊಂಡು ಕುಣಿಯುವ ದೃಶ್ಯವೂ ಇದೇ ಚಿತ್ರದಲ್ಲಿದೆ. ಅದರ ಬಗ್ಗೆ ವಾದಕ್ಕೆ ಏನೂ ಉಳಿದಿಲ್ಲ.

ನಮ್ಮಲ್ಲಿ ಚಿತ್ರಗೀತೆ ಚಿತ್ರದಿಂದ ಕಳಚಿಕೊಂಡು ರೇಡಿಯೊದಲ್ಲಿ ಬೇರೆಯೇ ಆಯುಸ್ಸು ಪಡೆಯುವುದು ಹೊಸದೇನಲ್ಲ. ಈ ಗೀತೆಗೂ ಹಾಗೇ ಆಯಿತು. ಬ್ಲೆಡ್ಸೋ ಹಾಡಿದ ಕೆಲವೇ ವಾರಗಳಲ್ಲಿ, 1928ರ ಆರಂಭದಲ್ಲೇ, ಪಾಲ್ ವೈಟ್‌ಮನ್ ವಾದ್ಯವೃಂದದೊಡನೆ ಬಿಂಗ್ ಕ್ರಾಸ್ಬಿ ಅದನ್ನು ಕುಣಿತದ ಲಯಕ್ಕೆ ಓಡಿಸಿಬಿಟ್ಟಿದ್ದರು! ಧ್ವನಿಮುದ್ರಿಕೆಯಲ್ಲಿ ಕೇಳುವವನಿಗೆ ಸೋಮಾರಿ ಜೋ ಸಿಗುವುದಿಲ್ಲ, ಮ್ಯಾಗ್ನೋಲಿಯಾಳ ಪ್ರಶ್ನೆಯೂ ಸಿಗುವುದಿಲ್ಲ. ಹಾಡನ್ನು ಪ್ರೀತಿಸುವವರೂ ಹಾಡಿನಿಂದ ನೊಂದವರೂ ಪರಸ್ಪರ ಅರ್ಥವಾಗದೆ ಮಾತಾಡಿದ್ದಕ್ಕೆ ಇದೇ ಕಾರಣವಿದ್ದೀತು: ಒಬ್ಬರು ಮುದ್ರಿಕೆಯ ಬಗ್ಗೆ ಮಾತಾಡುತ್ತಿದ್ದರು, ಇನ್ನೊಬ್ಬರು ನಾಟಕ–ಚಿತ್ರಗಳ ಬಗ್ಗೆ.

ಇನ್ನು ಭಾರತದ ಸಾಕ್ಷ್ಯ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಭೂಪೇನ್ ಹಜಾರಿಕಾ ರೋಬ್ಸನ್‌ರ ಒಡನಾಟಕ್ಕೆ ಬಂದದ್ದು, ಅವರ ‘ಬಿಸ್ತೀರ್ಣ ಪಾರೋರೆ’ ಗೀತೆಯ ಹಿಂದೆ ‘ಓಲ್ ಮ್ಯಾನ್ ರಿವರ್’ ಇರುವುದು ಎಲ್ಲರಿಗೂ ತಿಳಿದ ಸಂಗತಿ. ಹಿಂದಿ, ಬಂಗಾಳಿ ರೂಪಗಳಲ್ಲಿ ಗಂಗೆಯನ್ನು ಕುರಿತ ಈ ಹಾಡನ್ನು ಕನ್ನಡದ ಕೇಳುಗರೂ ಬಲ್ಲರು. ಇದನ್ನು ರೋಬ್ಸನ್ ಪರಂಪರೆಯ ಮುಂದುವರಿಕೆ ಎನ್ನುವುದು ವಾಡಿಕೆ. ಭಾವದಲ್ಲಿ ಅದು ಸರಿ, ರಚನೆಯಲ್ಲಿ ಹಾಗಲ್ಲ. ತಿದ್ದಿದ ಪಾಠದಲ್ಲಿ ಹೋರಾಡುವವನು ಹಾಡುಗಾರ, ನದಿ ತನ್ನ ಪಾಡಿಗೆ ಹರಿಯುತ್ತದೆ. ಹಜಾರಿಕಾರ ಅಸ್ಸಾಮಿ ಪಾಠದಲ್ಲಿ ದಂಡೆಯ ಮೇಲಿನ ಅಸಂಖ್ಯ ಜನರ ಗೋಳು ಕೇಳಿಯೂ ಮಾತಿಲ್ಲದೆ ಏಕೆ ಹರಿಯುತ್ತೀ ಎಂದು ಮುದಿ ಲುಯಿತ್ ನದಿಯನ್ನೇ ಜಗ್ಗಿ ಕೇಳಲಾಗುತ್ತದೆ. ಎಲ್ಲ ಬಲ್ಲ, ಬಾಯಿ ಬಿಡದ, ವಯಸ್ಸಾದ ಆ ನದಿ ಹ್ಯಾಮರ್‌ಸ್ಟೈನ್‌ನದು. ಜೋ ಅದನ್ನು ಕಂಡು ಕರುಬಿದ. ಹಜಾರಿಕಾ ಅದನ್ನೇ ಆರೋಪಿಯ ಜಾಗದಲ್ಲಿ ನಿಲ್ಲಿಸಿದರು. ರೋಬ್ಸನ್ ಹೊರಗಿನಿಂದ ತಂದು ಸೇರಿಸಬೇಕಾಯಿತು ಎನ್ನಲಾಗುವ ಸಿಟ್ಟು ಮೂಲದ ರೂಪಕದ ಒಳಗೇ ಹುದುಗಿತ್ತು, ಅದನ್ನು ಹೊರತೆಗೆಯಲು ನದಿಯ ಕಡೆಗೆ ತಿರುಗಿ ನಿಂತರೆ ಸಾಕಾಗಿತ್ತು. ಇದು ಈ ಲೇಖನದ ಮುಖ್ಯ ವಾದ.

ವಾದದ ಮಿತಿಗಳನ್ನೂ ಹೇಳಬೇಕು. ಹಜಾರಿಕಾ ಮೂಲಪಾಠವನ್ನು ಮುಂದಿಟ್ಟುಕೊಂಡು ಬರೆದರು ಎಂದು ನಾನು ಹೇಳುತ್ತಿಲ್ಲ. ಅವರು ಅಮೆರಿಕದಲ್ಲಿದ್ದ ಹೊತ್ತಿಗೆ ರೋಬ್ಸನ್ ಹಾಡುತ್ತಿದ್ದುದು ತಿದ್ದಿದ ಪಾಠ. ಪ್ರಭಾವ ಯಾವ ದಾರಿಯಿಂದ ಬಂದಿತೆಂಬುದಕ್ಕಿಂತ ಪಠ್ಯ ಏನನ್ನು ಸಾಧ್ಯವಾಗಿಸುತ್ತದೆ ಎಂಬುದರ ಬಗ್ಗೆ ನನ್ನ ಮಾತು. ಒಂದು ಕೃತಿಯಿಂದ ಏನು ಹುಟ್ಟಬಲ್ಲುದೆಂಬುದು ಆ ಕೃತಿ ತನ್ನ ಕಾಲದ ಕೇಳುಗರಿಗೆ ಏನು ಮಾಡಿತೆಂಬುದಕ್ಕೆ ಉತ್ತರವಲ್ಲ. 1928ರಲ್ಲೇ, ಬೈಗುಳವಿದ್ದ ನಾಟಕದಲ್ಲಿ ರೋಬ್ಸನ್ ಹಾಡಿದ್ದಕ್ಕೆ ಕಪ್ಪು ಅಮೆರಿಕನ್ನರಲ್ಲಿ ಮುನಿಸಿತ್ತು. ಗುವಾಹಾಟಿಯ ಗೀತೆಯನ್ನು ತೋರಿಸಿ ಹಾರ್ಲೆಮಿನ ನೋವನ್ನು ಸುಳ್ಳೆನ್ನುವುದು ಅಪಚಾರವಾದೀತು. ಮೂಲದ ಹುಸಿ ಆಡುಮಾತಿನ ಕಾಗುಣಿತವನ್ನೂ ನಾನು ಸಮರ್ಥಿಸಲಾರೆ. ನನ್ನ ಹೇಳಿಕೆ ಇಷ್ಟಕ್ಕೇ ಸೀಮಿತ: ಶರಣಾಗತಿ ಎಂಬ ಆರೋಪ ಗೀತೆಯ ಮೇಲೆ ನಿಲ್ಲುವುದಿಲ್ಲ, ಅದನ್ನು ಚಿತ್ರದ ಮೇಲೆ ಹೊರಿಸಬೇಕು.

ಇತ್ಯರ್ಥವಾಗದ ವಿಷಯಗಳು ಎರಡಿವೆ. ಅಸ್ಸಾಮಿಯ ಲುಯಿತ್ ಮುದುಕ. ಶಿವದಾಸ ಬಂದ್ಯೋಪಾಧ್ಯಾಯರ ಬಂಗಾಳಿಯಲ್ಲೂ ನರೇಂದ್ರ ಶರ್ಮರ ಹಿಂದಿಯಲ್ಲೂ ಆ ಸ್ಥಾನಕ್ಕೆ ಗಂಗೆ ಬಂದಳು. ಮುದುಕನನ್ನು ಗದರುವುದಕ್ಕೂ ತಾಯಿಯನ್ನು, ಅದರಲ್ಲೂ ದೇವತೆಯನ್ನು ಗದರುವುದಕ್ಕೂ ಇರುವ ವ್ಯತ್ಯಾಸ ಆರೋಪದ ಬಿಸಿಯನ್ನು ಹೆಚ್ಚಿಸಿತೋ ತಗ್ಗಿಸಿತೋ ಎಂಬುದನ್ನು ಮೂರೂ ಭಾಷೆ ಬಲ್ಲವರು ನೋಡಬೇಕು. ಇನ್ನೊಂದು, ನೆಹರೂ ಪ್ರೋತ್ಸಾಹದಲ್ಲಿ, ಎಂ.ಸಿ. ಛಾಗ್ಲಾ ಮುಂದಾಳುತನದಲ್ಲಿ 1958ರಲ್ಲಿ ರೋಬ್ಸನ್‌ರ ಅರವತ್ತನೆಯ ಹುಟ್ಟುಹಬ್ಬ ಭಾರತದಲ್ಲಿ ಆಚರಣೆಯಾದಾಗ ಇಲ್ಲಿನ ಸಭೆಗಳಲ್ಲಿ ಸೇರಿದವರ ಕಿವಿಯಲ್ಲಿ ಇದ್ದದ್ದು ಯಾವ ಪಾಠ: 1936ರ ಚಿತ್ರದ್ದೋ, ಕಛೇರಿಯದ್ದೋ? ಆ ಕಾಲದ ಪತ್ರಿಕಾ ವರದಿಗಳನ್ನು, ಕನ್ನಡದವನ್ನೂ ಸೇರಿಸಿ, ಈ ಕಣ್ಣಿನಿಂದ ಜಾಲಾಡುವ ಕೆಲಸ ಬಾಕಿ ಇದೆ.