ತಿಪ್ಪಣ್ಣ, ಸಾಕಮ್ಮ ಮತ್ತು ಎರಡು ಮಕ್ಕಳ ಮನೆ

ಕೂಡ್ಲಿಗಿ, ಕೊಟ್ಟೂರು ಸೀಮೆಯ ಹಳೆ ತಲೆಮಾರಿನಲ್ಲಿ ತಿಪ್ಪಣ್ಣ, ತಿಪ್ಪಮ್ಮಂದಿರು ಮನೆಗೊಬ್ಬರಂತೆ ಸಿಗುತ್ತಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು ಆ ಹೆಸರಿಡುತ್ತಿದ್ದರು. ಕಸವೆಂದು ಸಾವು ಬಿಟ್ಟುಹೋಗಲಿ ಎಂಬ ಆಸೆ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದರೆ ಸಾಕಮ್ಮ. ಎಷ್ಟು ಹುಟ್ಟುತ್ತವೆ ಅನ್ನುವುದಕ್ಕಿಂತ ಎಷ್ಟು ಉಳಿಯುತ್ತವೆ ಅನ್ನುವುದೇ ಇಲ್ಲಿನ ಚಿಂತೆಯಾಗಿತ್ತು.

ಅದಕ್ಕೆ ಕಾರಣವೂ ಇತ್ತು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 1871ರಲ್ಲಿ ಸುಮಾರು 9.1 ಲಕ್ಷ ಜನರಿದ್ದರು. 1876-78ರ ಬರ ದಾಟಿ 1881ಕ್ಕೆ ಬಂದರೆ ಉಳಿದವರು 7.3 ಲಕ್ಷ. ಹಳೆಯ ಸಂಖ್ಯೆಗೆ ಮರಳಲು ಎರಡು ದಶಕ ಬೇಕಾಯಿತು. ಐವರಲ್ಲಿ ಒಬ್ಬರನ್ನು ಕಳೆದುಕೊಂಡ ಊರುಗಳಿಗೆ ಮಕ್ಕಳು ಹೆಚ್ಚಾದವು ಎಂಬ ಮಾತು ಹಿಡಿಸುವುದಾದರೂ ಹೇಗೆ?

1930ರಲ್ಲಿ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಸರ್ಕಾರವೇ ಇಂಥದ್ದಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು. ಈ ತಾಲ್ಲೂಕುಗಳು ಆಗ ಮದ್ರಾಸಿನ ಆಡಳಿತದಲ್ಲಿದ್ದವು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಷ್ಟರಲ್ಲಿ ದೇಶದ ಕುಟುಂಬ ಯೋಜನೆ ಶುರುವಾಗಿತ್ತು. ಗೋಡೆಗಳ ಮೇಲೆ ಕೆಂಪು ತ್ರಿಕೋನ ಬಂತು, ‘ನಾವಿಬ್ಬರು ನಮಗಿಬ್ಬರು’ ಬಾಯಿಪಾಠವಾಯಿತು.

ತುರ್ತುಪರಿಸ್ಥಿತಿಯ ಕಾಲದ ಒತ್ತಾಯದ ಸಂತಾನಹರಣ ಚಿಕಿತ್ಸೆ ಗಂಡಸರಲ್ಲಿ ಹುಟ್ಟಿಸಿದ ಹೆದರಿಕೆ ಮಾತ್ರ ಇನ್ನೂ ಇಳಿದಿಲ್ಲ. ಆಮೇಲಿಂದ ‘ಆಪರೇಷನ್’ ಅಂದರೆ ಹೆಂಗಸರದ್ದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು ಹೆಚ್ಚುಕಡಿಮೆ ಸೊನ್ನೆ. ಗಂಡ ಮಾಡಿಸಿಕೊಂಡರೆ ದುಡಿಯುವ ಶಕ್ತಿ ಹೋಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಹೊಲದಲ್ಲಿ ಬಗ್ಗಿ ಶೇಂಗಾ ಕೀಳುವವಳು ದುಡಿಯುವವಳಲ್ಲವೇ? ಯೋಜನೆ ಗೆದ್ದಿತೆನ್ನುವವರು ಗೆಲುವಿನ ಭಾರ ಹೊತ್ತ ಹೊಟ್ಟೆಗಳನ್ನೂ ನೆನೆಯಬೇಕು.

ಅದೇ ಸಮೀಕ್ಷೆಯಲ್ಲಿ ರಾಜ್ಯದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳು, 1.7. ಎರಡು ಮಕ್ಕಳ ಮನೆ ಈಗ ಸಾಮಾನ್ಯ.

ಆದರೂ ಊರುಗಳಲ್ಲಿ ನೆಮ್ಮದಿ ಕಾಣುವುದಿಲ್ಲ. ಮಳೆ ಕೈಕೊಟ್ಟ ವರ್ಷ ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ತಾಂಡಾಗಳಿಂದ, ಕೂಡ್ಲಿಗಿಯ ಹಳ್ಳಿಗಳಿಂದ ಗುಳೆ ಹೊರಡುತ್ತದೆ. ಜೋಳದ ಹಿಟ್ಟಿನ ಚೀಲ, ಪಾತ್ರೆ ತುಂಬಿದ ಪ್ಲಾಸ್ಟಿಕ್ ಬುಟ್ಟಿ, ಸೊಂಟದಲ್ಲೊಂದು ಕೂಸು. ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಕೆಲವರು ಮಂಡ್ಯದ ಕಬ್ಬಿಗೆ, ಉಳಿದವರು ಬೆಂಗಳೂರಿನ ಕಟ್ಟಡಗಳಿಗೆ. ಬಾಗಿಲಿಗೆ ಬೀಗ, ಕಟ್ಟೆಯ ಮೇಲೆ ಅಜ್ಜ ಅಜ್ಜಿ, ಶಾಲೆಯಲ್ಲಿ ಖಾಲಿ ಜಾಗ. ಹೆಚ್ಚು ಮಕ್ಕಳಿಂದಲೇ ಬಡತನವೆಂದು ದಶಕಗಟ್ಟಲೆ ಕೇಳಿದವರು ಮಕ್ಕಳನ್ನು ಎರಡಕ್ಕಿಳಿಸಿದರು. ಒಣಬೇಸಾಯ ನಂಬಿದ ಹೊಲ ಆ ಇಬ್ಬರನ್ನೂ ಸಾಕುತ್ತಿಲ್ಲ.

ಈಗ ಚರ್ಚೆಯ ದಿಕ್ಕೇ ಬದಲಾಗಿದೆ. ಜನಸಂಖ್ಯೆ ಹಿಡಿತದಲ್ಲಿಟ್ಟ ದಕ್ಷಿಣದ ರಾಜ್ಯಗಳು, ಜನಸಂಖ್ಯೆಗೆ ತಕ್ಕಂತೆ ಕ್ಷೇತ್ರಗಳನ್ನು ಮರುವಿಂಗಡಿಸಿದರೆ ಲೋಕಸಭೆಯಲ್ಲಿ ತಮ್ಮ ಪಾಲು ತಗ್ಗೀತೆಂದು ಆತಂಕಪಡುತ್ತಿವೆ. ಹೊಸ ಜನಗಣತಿಗೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಎಣಿಸುವವರು ಮನೆಮನೆಗೆ ಬರುವುದು ಅದರ ಹಿಂದಿನ ವಾರಗಳಲ್ಲಿ. ಗುಳೆ ಹೋದವರಲ್ಲಿ ಅನೇಕರು ಯುಗಾದಿಗೆ ಮೊದಲು ಊರಿಗೆ ಮರಳುವುದಿಲ್ಲ.